ರಾಚಯ್ಯ ಓದದೆ ಬಿಟ್ಟ ಕಾಗದಗಳು

ರೂಪಶ್ರೀಗೆ ನಾಲ್ಕನೇ ವಯಸ್ಸಿನಲ್ಲಿ ಬಂದ ಜ್ವರದಿಂದ ಕಿವಿ ಹೋಗಿತ್ತು. ಮೈಸೂರಿನ ಕಿವುಡರ ಶಾಲೆಯಲ್ಲಿ ಓದು, ಹೊಲಿಗೆ ಎರಡನ್ನೂ ಕಲಿತು ಚಾಮರಾಜನಗರಕ್ಕೆ ಮರಳಿದ್ದಳು. ಶಾಲೆಯ ಗೆಳತಿ ಶಾಂತಿ ಹುಬ್ಬಳ್ಳಿಯ ಒಂದು ಪ್ರೆಸ್ಸಿನಲ್ಲಿದ್ದಳು. ಊರಿಗೆಲ್ಲ ಎಸ್‌ಟಿಡಿ ಬೂತ್ ಇತ್ತು, ಇವರಿಬ್ಬರಿಗೆ ಅದರಿಂದ ಏನು ಬಂತು? ಹಾಗಾಗಿ 1999ರಲ್ಲಿ ಅದೇ ಊರಿನ ಕುಮಾರಿ ಎಂಬಾಕೆ ತನ್ನ ಟೈಪಿಂಗ್ ಇನ್‌ಸ್ಟಿಟ್ಯೂಟಿನ ಒಂದು ಕಂಪ್ಯೂಟರಿಗೆ ಇಂಟರ್‌ನೆಟ್ ಹಾಕಿಸಿದಾಗ ಎಲ್ಲರಿಗಿಂತ ಹೆಚ್ಚು ಖುಷಿಪಟ್ಟವಳು ರೂಪಶ್ರೀ. ಇಂಗ್ಲಿಷ್ ಅಕ್ಷರದಲ್ಲಿ ಕನ್ನಡ ಬರೆದು ಶಾಂತಿಗೆ ಈಮೇಲ್ ಕಳಿಸಿದರೆ ಮಾರನೇ ದಿನವೇ ಉತ್ತರ ಬಂದಿರುತ್ತಿತ್ತು.

ಹಳೆಯ ಬ್ರೌಸರ್ ಅರ್ಧ ಪುಟ ತೆರೆದು ನಿಂತುಬಿಡುತ್ತಿತ್ತು. ಒಂದು ಭಾನುವಾರ ಕುಮಾರಿ, ಕಂಪ್ಯೂಟರ್ ಪತ್ರಿಕೆಯ ಜೊತೆ ಬಂದ ಸಿ.ಡಿ.ಯಿಂದ ಹೊಸದನ್ನು ಹಾಕಿದಳು. ಸೋಮವಾರ ರೂಪಶ್ರೀ ಪಾಸ್‌ವರ್ಡ್ ಒತ್ತಿದಾಗ, ಹಿಂದೆಂದೂ ಕಾಣದ ಒಂದು ಪುಟ್ಟ ಚೌಕ ಎದ್ದು ಏನೋ ಕೇಳಿತು. ಮೇಲ್ ತೆರೆಯಲು ಇದೂ ಬೇಕೇನೋ ಎಂದುಕೊಂಡು ಅವಳು ‘ಯೆಸ್’ ಒತ್ತಿದಳು.

ಮಂಗಳವಾರ ಬೆಳಿಗ್ಗೆ ಹರದನಹಳ್ಳಿಯ ರಾಚಯ್ಯ ಬಂದರು. ರಿಟೈರಾದ ಪೋಸ್ಟ್‌ಮ್ಯಾನ್. ಗುಂಡ್ಲುಪೇಟೆಯಲ್ಲಿದ್ದ ಅವರ ಹಳೆಯ ಪೋಸ್ಟ್‌ಮಾಸ್ಟರ್ ಶಿವರುದ್ರಸ್ವಾಮಿ ಈಮೇಲ್ ಮಾಡಿಸಿಕೊಂಡು, ನೀನೂ ಮಾಡಿಸು ಎಂದು ಕಾರ್ಡ್ ಬರೆದಿದ್ದರಂತೆ. ಹಿಂದಿನ ವಾರವೇ ಕುಮಾರಿ ಅವರಿಗೊಂದು ಖಾತೆ ಮಾಡಿಕೊಟ್ಟಿದ್ದಳು. ರಾಚಯ್ಯ ಹೆಸರು ಬರೆಯುವ ಜಾಗದಲ್ಲಿ ಒಂದೇ ಬೆರಳಲ್ಲಿ ‘ಆರ್’ ಒತ್ತಿದರು. ಕೆಳಗೆ ಒಂದು ಹೆಸರು ಇಳಿಯಿತು. ತಮ್ಮದೇ ಎಂದುಕೊಂಡು ಅದನ್ನು ಒತ್ತಿದರೆ ಪಾಸ್‌ವರ್ಡೂ ತಾನಾಗಿ ತುಂಬಿ, ಮೇಲ್ ತೆರೆದುಕೊಂಡಿತು.

ಕನ್ನಡಕ ಏರಿಸಿ ನೋಡಿದವರೇ ಕುರ್ಚಿ ಬಿಟ್ಟು ಎದ್ದರು.

“ಕುಮಾರವ್ವಾ, ಇದು ನನ್ ಕಾಗ್ದ ಅಲ್ಲ ಕಣವ್ವ. ರೂಪಶ್ರೀ ಅಂತದೆ. ನಾನು ‘ಆರ್’ ಒತ್ತುದೆ ಅಷ್ಟೆಯಾ, ತಾನೇ ತಕ್ಕಬುಡ್ತು.”

ಕುಮಾರಿ ಓಡಿ ಬಂದಳು. ಮೇಲ್ ಮುಚ್ಚಿ, ಹೊಸ ಬ್ರೌಸರಿನ ಒಳಗೆಲ್ಲ ಹುಡುಕಿದಳು. ಅದು ಪಾಸ್‌ವರ್ಡ್ ನೆನಪಿಡುವುದನ್ನು ಕಲಿತಿತ್ತು. ಮನೆಯಲ್ಲಿ ಒಬ್ಬರೇ ಬಳಸುವವರಿಗೆ ಅನುಕೂಲವೇ. ಹತ್ತು ಜನ ಕೂರುವ ಕಡೆ? ನೆನಪಿಟ್ಟಿದ್ದನ್ನೆಲ್ಲ ಅಳಿಸಿ, ಆ ಸೌಲಭ್ಯವನ್ನೇ ನಿಲ್ಲಿಸಿದಳು.

“ಸರಿಹೋಯ್ತು ತಾತ. ಅವಳಿಗೆ ಹೇಳಿದ್ರೆ ಸುಮ್ನೆ ಗಾಬರಿಯಾಗ್ತಾಳೆ,” ಎಂದಳು.

“ಗಾಬ್ರಿ ಆದ್ರೂ ಏಳ್ಬೇಕು. ಅವುಳ್ ಕಾಗ್ದ ಅಲ್ವಾ? ನಡಿ ಓಗನ.”

ರೂಪಶ್ರೀಯ ಹೊಲಿಗೆ ಅಂಗಡಿಯಲ್ಲಿ ಕುಮಾರಿ ನಡೆದದ್ದನ್ನು ನೋಟ್‌ಬುಕ್ಕಿನಲ್ಲಿ ಬರೆದು ತೋರಿಸಿದಳು. ರೂಪಶ್ರೀಯ ಮುಖ ಬಿಳಿಚಿತು. ಶಾಂತಿ ತಾನು ಮದುವೆಯಾಗಬೇಕೆಂದಿದ್ದ ಹುಡುಗನ ಬಗ್ಗೆ ಬರೆದದ್ದೆಲ್ಲ ಆ ಮೇಲ್‌ಗಳಲ್ಲಿತ್ತು. ಶಾಂತಿಯ ಮನೆಯವರಿಗೇ ಇನ್ನೂ ಗೊತ್ತಿರಲಿಲ್ಲ. ರೂಪಶ್ರೀ ಪೆನ್ನು ಕಿತ್ತುಕೊಂಡು ಬರೆದಳು: ‘ಎಷ್ಟು ಓದಿದ್ರಿ?’

ರಾಚಯ್ಯ ಅದರ ಕೆಳಗೆ ದುಂಡಗೆ ಬರೆದರು: ‘ನಿನ್ನ ಹೆಸರು, ಕಳಿಸಿದವರ ಹೆಸರು. ಮೂವತ್ತೊಂದು ವರ್ಷ ಲಕೋಟೆಯ ಮೇಲಿರುವುದನ್ನು ಮಾತ್ರ ಓದಿದ್ದೇನೆ ತಾಯಿ.’

ಅವಳು ಎರಡು ಸಲ ಓದಿದಳು. ಕಣ್ಣು ತುಂಬಿ ಬಂತು. ಎದ್ದು ಕೈ ಮುಗಿದಳು.

ಮೂವರೂ ಇನ್‌ಸ್ಟಿಟ್ಯೂಟಿಗೆ ವಾಪಸು ಬಂದರು. ರೂಪಶ್ರೀ ಪಾಸ್‌ವರ್ಡ್ ಬದಲಿಸುವಾಗ ಇಬ್ಬರೂ ಬಾಗಿಲ ಕಡೆ ಮುಖ ಮಾಡಿ ನಿಂತರು. ಶಾಂತಿಗೆ ಎಲ್ಲವನ್ನೂ ಬರೆದಳು. ಆಮೇಲೆ ರಾಚಯ್ಯನವರನ್ನು ಪಕ್ಕದಲ್ಲಿ ಕೂರಿಸಿಕೊಂಡು, ಒಂದೊಂದೇ ಅಕ್ಷರ ತೋರಿಸುತ್ತ, ಗುಂಡ್ಲುಪೇಟೆಗೆ ಅವರ ಮೊದಲ ಮೇಲ್ ಬರೆಸಿದಳು. ಮೂರು ಸಾಲಿಗೆ ಮುಕ್ಕಾಲು ಗಂಟೆ ಹಿಡಿಯಿತು. ಆವತ್ತು ಅವರಿಬ್ಬರಿಂದಲೂ ಕುಮಾರಿ ಕಾಸು ತೆಗೆದುಕೊಳ್ಳಲಿಲ್ಲ.

“ದೇವ್ರು ನಿನ್ನ ಚೆಂದಾಗಿ ಮಡಗಿರ್ಲಿ ಕಣವ್ವ,” ಎಂದರು ರಾಚಯ್ಯ, ರೂಪಶ್ರೀಯತ್ತ ತಿರುಗಿ.

ತುಟಿ ನೋಡಿ ಅರ್ಥ ಮಾಡಿಕೊಂಡ ರೂಪಶ್ರೀ, ನಿಮ್ಮನ್ನೂ ಎಂಬಂತೆ ಅವರತ್ತ ಕೈ ತೋರಿಸಿ ನಕ್ಕಳು.