ಎರಡು ಸೆಕೆಂಡಿನ ನಂಟು

ನಮ್ಮ ಲ್ಯಾಬಿನ ಲಿಫ್ಟಿಗೆ ನಾನಿಟ್ಟ ಹೆಸರು ಅತ್ತೆ. ಜೋಡಿ ಹೊಂದಿಕೊಂಡಿತು ಅನ್ನುವಷ್ಟರಲ್ಲಿ ಗಡಗಡ ಅಂತ ಬಂದು ಎಲ್ಲ ಕೆಡಿಸುತ್ತಿತ್ತು.

ಜೋಡಿ ಅಂದರೆ ಎರಡು ಪರಮಾಣು. ಒಂದು ನನ್ನ ಕೋಣೆಯಲ್ಲಿ, ಇನ್ನೊಂದು ಕಾರಿಡಾರಿನ ಆ ತುದಿಯಲ್ಲಿ, ಇದೇ ಲ್ಯಾಬಿನಲ್ಲಿ ಕೆಲಸ ಮಾಡುವ ನನ್ನ ಅಕ್ಕನ ಕೋಣೆಯಲ್ಲಿ. ನಡುವೆ ಕೂದಲೆಳೆಯಂಥ ಗಾಜಿನ ತಂತಿ. ಅದರಲ್ಲಿ ಬೆಳಕು ಹಾಯಿಸಿ ಎರಡನ್ನೂ ಹೆಣೆದರೆ, ಇಲ್ಲಿ ಅಳೆದಾಗ ಬರುವ ಉತ್ತರವೂ ಅಲ್ಲಿಯ ಉತ್ತರವೂ ತಾಳೆಯಾಗುತ್ತವೆ. ಆ ಕ್ವಾಂಟಂ ನಂಟು ಮಹಾ ನಾಜೂಕು. ಲಿಫ್ಟಿನ ಮೋಟರು, ಯಾರದೋ ಜೇಬಿನ ಮೊಬೈಲು, ಹೊರಗಿನ ಯಾವುದು ಸೋಕಿದರೂ ಮುಗಿಯಿತು. ಅದಕ್ಕೇ ಪರಮಾಣುವಿನ ಸುತ್ತ ಒಂದರೊಳಗೊಂದು ಮೂರು ಲೋಹದ ಡಬ್ಬಿ ಹಾಕಿದ್ದೆವು. ಬೀಗದ ಕೈ ಜೇಬಿನಲ್ಲಿಟ್ಟುಕೊಂಡು ಒಳಗೆ ಬಂದವರ ಮೇಲೆ ನಾನು ಹರಿಹಾಯುತ್ತಿದ್ದೆ, ನಮ್ಮ ನಿರ್ದೇಶಕರಾದರೂ ಬಿಡುತ್ತಿರಲಿಲ್ಲ. ಇಷ್ಟೆಲ್ಲ ಹಾರಾಡಿದರೂ ನಂಟು ಅರ್ಧ ಸೆಕೆಂಡು ನಿಂತರೆ ಹೆಚ್ಚು.

ಬೇಕಿದ್ದದ್ದು ಎರಡು ಸೆಕೆಂಡು. ಅಷ್ಟು ತೋರಿಸದಿದ್ದರೆ ಯೋಜನೆ ಬಂದ್. ಅಕ್ಕನದು ಕಾಯಂ ನೌಕರಿ, ಬೇರೆಲ್ಲಾದರೂ ಹಾಕುತ್ತಾರೆ. ನನ್ನದು ಗುತ್ತಿಗೆ, ನೇರ ಮನೆಗೆ. ಈ ಕೆಲಸ ಕಲಿಸಿದ್ದೇ ಅಕ್ಕ. ಇದು ಬಿಟ್ಟರೆ ನನಗೆ ಬೇರೇನೂ ಬರುತ್ತಿರಲಿಲ್ಲ.

ಅವತ್ತು ಪರೀಕ್ಷಿಸಲು ಬಂದವರು ಒಬ್ಬ ಹಿರಿಯ ವಿಜ್ಞಾನಿ, ಮಾತು ಕಮ್ಮಿಯ ಹೆಂಗಸು. ನನ್ನ ಕೋಣೆಯಲ್ಲೇ ಪರದೆಯ ಮುಂದೆ ಕೂತರು. ಶುರು ಮಾಡಿದೆ. ಅರ್ಧ ಸೆಕೆಂಡು ದಾಟಿತು. ಒಂದು ದಾಟಿತು. ಎರಡು ದಾಟಿದರೂ ಪರದೆಯ ಮೇಲೆ ತಾಳೆ ತೋರಿಸುವ ಗೆರೆ ಕೆಳಗೆ ಜಗ್ಗಲಿಲ್ಲ! ನಿರ್ದೇಶಕರು ಚಪ್ಪಾಳೆ ತಟ್ಟಿ ಅವರನ್ನು ಕಾಫಿಗೆ ಕರೆದುಕೊಂಡು ಹೋದರು. ನಾನು ಒಬ್ಬಳೇ ಕೂತು ಅತ್ತುಬಿಟ್ಟೆ.

ಆಮೇಲೆ ಮೂಗು ಒರೆಸಿಕೊಂಡು ಒಂದು ಕಪ್ಪು ಕಾರ್ಡನ್ನು ಗಾಜಿನ ತಂತಿಗೆ ಹೋಗುವ ಬೆಳಕಿಗೆ ಅಡ್ಡ ಇಟ್ಟೆ. ಅನುಮಾನ ಏನೂ ಇರಲಿಲ್ಲ, ಬರೀ ಅಭ್ಯಾಸ. ತಾಳೆ ಬಂತು ಅಂತ ಕುಣಿಯಬೇಡ, ಬೆಳಕು ಮುಚ್ಚಿ ಮತ್ತೊಮ್ಮೆ ನೋಡು ಎಂದು ಅಕ್ಕ ನನ್ನ ತಲೆಗೆ ತುಂಬಿದ್ದಳು. ಬೆಳಕಿಲ್ಲದಿದ್ದರೆ ಹೆಣೆಯುವುದೇ ಇಲ್ಲ, ಉತ್ತರಗಳು ನಾಣ್ಯ ಚಿಮ್ಮಿದಂತೆ ಚೆಲ್ಲಾಪಿಲ್ಲಿಯಾಗಬೇಕು.

ಆಗಲಿಲ್ಲ. ಗೆರೆ ಅಲ್ಲೇ ಇತ್ತು.

ಕಾರ್ಡು ಸರಿಯಾಗಿ ಕೂತಿಲ್ಲವೇನೋ ಎಂದು ತೆಗೆದು ಮತ್ತೆ ಇಟ್ಟೆ. ಅದೇ ಗೆರೆ. ಅಷ್ಟರಲ್ಲಿ ಅಕ್ಕ ನಗುತ್ತಾ ಒಳಗೆ ಬಂದವಳು ಕಾರ್ಡು ನೋಡಿ ನಿಂತುಬಿಟ್ಟಳು.

"ಅದನ್ನ ತೆಗಿ," ಅಂದಳು ಮೆಲ್ಲಗೆ.

"ಅಕ್ಕಾ, ಇಲ್ಲಿ ಬೆಳಕೇ ಇಲ್ಲ, ಆದ್ರೂ..."

"ಗೊತ್ತು ಕಣೇ. ನಿನ್ನ ಕಡೆ ಏನು ಬರತ್ತೋ ನನ್ನ ಕಡೆನೂ ಅದೇ ಬಂತು ಅಂತ ತೋರಿಸೋ ಹಾಗೆ ಪ್ರೋಗ್ರಾಂ ಬರೆದಿದೀನಿ. ಇವತ್ತೊಂದು ದಿನ ಅಷ್ಟೆ."

ಇವಳಾ? ಒಂದು ಅಂಕಿ ಆಚೀಚೆ ಆದರೆ ಊಟ ಬಿಡುತ್ತಿದ್ದ ಇವಳಾ?

"ಯಾಕೆ ಹೀಗೆ ಮಾಡಿದೆ?"

"ನಿನಗೋಸ್ಕರ. ನಿನ್ನನ್ನ ಮನೆಗೆ ಕಳಿಸೋದು ನನ್ನ ಕೈಲಿ ನೋಡಕ್ಕಾಗಲ್ಲ."

ನನಗೋಸ್ಕರವಂತೆ! ಮೈ ಉರಿದುಹೋಯಿತು. "ನಿಜ ಹೇಳಿಬಿಡೋಣ. ನನ್ನ ಕೆಲಸ ಹೋದ್ರೆ ಹಾಳಾಗ್ಹೋಗ್ಲಿ," ಅಂದೆ.

ಅಕ್ಕ ನನ್ನ ಕೈ ಗಟ್ಟಿಯಾಗಿ ಹಿಡಿದುಕೊಂಡಳು. "ನನ್ನ ಮರ್ಯಾದೆ ಏನಾಗತ್ತೆ, ಯೋಚನೆ ಮಾಡಿದೀಯಾ?"

"ಕನ್ನಡಕ ಮರೆತೆ," ಎನ್ನುತ್ತಾ ಆ ವಿಜ್ಞಾನಿ ಬಾಗಿಲು ತಳ್ಳಿಕೊಂಡು ಬಂದರು. ಕನ್ನಡಕ ಹಾಕಿಕೊಂಡು ಕಾರ್ಡು ನೋಡಿದರು, ಪರದೆ ನೋಡಿದರು.

"ಬೆಳಕು ಮುಚ್ಚಿದೀರಿ. ಆದ್ರೂ ತಾಳೆ ಆಗ್ತಿದೆಯಲ್ಲ?"

"ಹೌದು ಮೇಡಂ. ಇದು ನಿಜವಾದ ನಂಟಲ್ಲ," ಅಂದೆ.

ಅವರು ಬೈಯಲಿಲ್ಲ. ಪರದೆಯತ್ತ ಬೆರಳು ತೋರಿಸಿ, "ಈ ಪ್ರೋಗ್ರಾಂ ಬರೆದದ್ದು ಯಾರು?" ಎಂದಷ್ಟೇ ಕೇಳಿದರು.

ಅಕ್ಕನ ಹೆಸರು ನನ್ನ ಬಾಯಿಂದ ಬರುವುದು ಬೇಡ, ಅವಳೇ ಹೇಳಿಕೊಳ್ಳಲಿ ಅಂತ ಕಾದೆ.

"ಇವಳು," ಅಂದಳು ಅಕ್ಕ.

ಅಲ್ಲ ಅನ್ನಬೇಕಿತ್ತು. ಅಕ್ಕನತ್ತ ತಿರುಗಿದೆ. ಅಕ್ಕ ನೆಲ ನೋಡುತ್ತಿದ್ದಳು. ಹಿಡಿದ ನನ್ನ ಕೈಯನ್ನು ಮಾತ್ರ ಇನ್ನೂ ಬಿಟ್ಟಿರಲಿಲ್ಲ.