ದೊಡ್ಡಪ್ಪನ ತಲೆ ಫೋಟೋ

"ಯಶೂ, ಅಪ್ಪನ ತಲೇಲಿ ಗಡ್ಡೆ ಐತಂತೆ ಕಣೆ. ಎಲ್ಲಾನೂ ಬುಟ್ಟು ಬಾ," ಅಂದ ಸಿದ್ದರಾಜು. ಅಷ್ಟು ಹೇಳಿದವನೇ ಫೋನಿನಲ್ಲಿ ಗೊಳೋ ಎಂದು ಅತ್ತುಬಿಟ್ಟ.

ಯಶಸ್ವಿನಿಯ ಕೈಯಲ್ಲಿ ಮೈಸೂರುಪಾಕಿನ ತಟ್ಟೆ ಇತ್ತು. ಹಾಸನದ ಹೊರವಲಯದ ವಿಶ್ವವಿದ್ಯಾಲಯವೊಂದರಲ್ಲಿ ಮೆದುಳಿನ ಚಿತ್ರ ತೆಗೆದು ಅಧ್ಯಯನ ಮಾಡುವ ಕೇಂದ್ರವಿದೆ. ಅಲ್ಲಿ ಅವಳು ಸಂಶೋಧನಾ ಸಹಾಯಕಿ. ಪಿಎಚ್‌ಡಿಗೆ ಅವಳ ಆಯ್ಕೆಯಾಗಿದೆ ಅಂತ ಕೇಂದ್ರದ ಮುಖ್ಯಸ್ಥರಾದ ಡಾ. ಹರ್ಷವರ್ಧನ್ ಅಂದು ಬೆಳಿಗ್ಗೆಯಷ್ಟೇ ಹೇಳಿದ್ದರು. ಸಿಹಿ ಹಂಚುವ ಸಡಗರದಲ್ಲಿದ್ದವಳಿಗೆ ಎದೆ ಧಸಕ್ಕೆಂದಿತು. ಕಾಳಯ್ಯ ಅವಳಿಗೆ ದೊಡ್ಡಪ್ಪ ಅನ್ನುವುದು ಬರೀ ಹೆಸರಿಗೆ. ಹೆತ್ತವರಿಬ್ಬರೂ ಒಂದೇ ಅಪಘಾತದಲ್ಲಿ ಹೋದ ಮೇಲೆ, ಬಾಗೂರಿನ ಮನೆಯಲ್ಲಿ ಅವಳನ್ನು ಹೆಗಲ ಮೇಲೆ ಹೊತ್ತು ಸಾಕಿ, ಎಂಎಸ್ಸಿವರೆಗೆ ಓದಿಸಿದವನು ಅವನು. ಸಿದ್ದರಾಜು ಅವನ ಮಗ.

"ಯಾರಣ್ಣ ಹಂಗಂದೋರು?" ಅಂದಳು.

"ಚನ್ರಾಯಪಟ್ಣದ ಡಾಕ್ಟ್ರು. ವಸಿ ತಲೆ ಸುತ್ತು ಬಂತು ಅಂತ ಕರ್ಕಂಡೋಗಿದ್ವು. ನೀನು ಕೊಟ್ಟಿದ್ದಲ್ಲ ತಲೆ ಫೋಟೋ, ಅವ್ವ ಗ್ವಾಡೆಯಿಂದ ಅದ್ನೂ ಎತ್ಕಂಡು ಬಂದಿದ್ಲು. ಡಾಕ್ಟ್ರು ಅದ್ನ ನೋಡ್ತಿದ್ದಂಗೇ ಮೊಕ ಸಣ್ಣ ಮಾಡ್ಕಂಡ್ಬುಟ್ರು ಕಣೆ. ಗಾಜಿನ ಮ್ಯಾಲೆ ಪೆನ್ನಲ್ಲಿ ಗುಂಡುಗೆ ಬರ್ದವ್ರೆ. ಇಲ್ಲಿ ಗಡ್ಡೆ ತರ ಕಾಣ್ತದೆ, ತಡ ಮಾಡ್ದೆ ಆಸ್ನದ ದೊಡ್ಡಾಸ್ಪತ್ರೇಲಿ ತೋರ್ಸಿ ಅಂದ್ರು."

ತಲೆ ಫೋಟೋ ಅನ್ನುವ ಮಾತು ಕಿವಿಗೆ ಬಿದ್ದದ್ದೇ ಯಶಸ್ವಿನಿ ಗರ ಬಡಿದವಳಂತೆ ನಿಂತಳು. ಯಾಕೆಂದರೆ ಬಾಗೂರಿನ ಮನೆಯಲ್ಲಿ ಟಿವಿಯ ಪಕ್ಕ ಕಟ್ಟು ಹಾಕಿಸಿ ತೂಗುಹಾಕಿದ್ದ ಆ ಫೋಟೋ ದೊಡ್ಡಪ್ಪನ ತಲೆಯದೇ ಅಲ್ಲ.

ಈ ಫೋಟೋದ ಕಥೆ ಹೇಳಲೇಬೇಕು. ವಯಸ್ಸಾದ ರೈತರ ನೆನಪಿನ ಶಕ್ತಿಯ ಬಗ್ಗೆ ಕೇಂದ್ರ ಒಂದು ಅಧ್ಯಯನ ಹಿಡಿದಿತ್ತು. ಹಳ್ಳಿಗಳಿಂದ ಆರೋಗ್ಯವಂತರನ್ನು ಕರೆತಂದು ಎಂಆರ್‌ಐ ಯಂತ್ರದಲ್ಲಿ ಮಲಗಿಸುವುದು ಯಶಸ್ವಿನಿಯ ಕೆಲಸ. ಅಧ್ಯಯನ, ಪ್ರಗತಿ, ದೇಶಸೇವೆ ಅಂತ ಅವಳು ಹಿರೀಸಾವೆಯಲ್ಲಿ ಭಾಷಣ ಮಾಡಿದಾಗ ಜನ ಬೀಡಿ ಸೇದುತ್ತಾ ಕೇಳಿ ಎದ್ದುಹೋಗಿದ್ದರು. "ಬಂದೋರಿಗೆ ಅವರವರ ಮೆದುಳಿನ ಫೋಟೋ ಕೊಡ್ತೀವಿ" ಅಂದದ್ದೇ ತಡ, ಕೇಂದ್ರದ ವ್ಯಾನಿನಲ್ಲಿ ಸೀಟು ಸಾಲದಾಯಿತು. ಹೊರಗಿನ ಮುಖವನ್ನು ಯಾವ ಸ್ಟುಡಿಯೋದವನು ಬೇಕಾದರೂ ತೆಗೆಯುತ್ತಾನೆ, ತಲೆಯ ಒಳಗನ್ನು ತೆಗೆಯುವವರು ಎಲ್ಲಿ ಸಿಗುತ್ತಾರೆ!

ಆದರೆ ಕೇಂದ್ರಕ್ಕೆ ಒಂದು ನಿಯಮವಿತ್ತು. ಊರವರ ಪ್ರತಿಯೊಂದು ಚಿತ್ರವನ್ನೂ ಸ್ಕ್ಯಾನ್ ಓದುವ ವೈದ್ಯರಾದ ಡಾ. ಶಶಿಕುಮಾರ್ ನೋಡಬೇಕು, ಏನೂ ತೊಂದರೆಯಿಲ್ಲ ಅಂತ ಸಹಿ ಹಾಕಬೇಕು, ಆಮೇಲಷ್ಟೇ ಫೋಟೋ ಕೊಡಬೇಕು. ಅವರು ಬರುವುದು ಯಾವಾಗಲೋ ಒಮ್ಮೆ. "ಫೋಟೋ ಎಲ್ಲವ್ವಾ?" ಅಂತ ಜನ ದಾರಿಯಲ್ಲಿ ಅಡ್ಡ ಹಾಕತೊಡಗಿದರು. ಮೊದಲು ಬಂದವರ ಫೋಟೋ ಕಾಣದೆ ಮುಂದಿನವರು ವ್ಯಾನು ಹತ್ತಲೊಲ್ಲರು. ಜನ ಸಿಗದಿದ್ದರೆ ಅಧ್ಯಯನವಿಲ್ಲ, ಅಧ್ಯಯನವಿಲ್ಲದಿದ್ದರೆ ಅವಳಿಗೆ ಪಿಎಚ್‌ಡಿ ಇಲ್ಲ. ಕೊನೆಗೆ ಯಶಸ್ವಿನಿ ಒಂದು ಉಪಾಯ ಮಾಡಿದಳು. ಯಾರನ್ನೂ ಕೇಳಬೇಕಾಗಿರದ, ಒಂದಿಷ್ಟೂ ಅಲ್ಲಾಡದ ಚೆಂದದ ಚಿತ್ರವೊಂದನ್ನು ಕಂಪ್ಯೂಟರಿನಿಂದ ಆರಿಸಿಕೊಂಡಳು. ತಲೆಯನ್ನು ಮೇಲಿನಿಂದ ಅಡ್ಡಕ್ಕೆ ಕೊಯ್ದಂತೆ ಕಾಣುವ ಚಿತ್ರವಾದ್ದರಿಂದ ಮೂಗು ಬಾಯಿಯ ಗುರುತು ಹತ್ತುವ ಭಯವಿರಲಿಲ್ಲ. ಅದನ್ನೇ ಅಚ್ಚು ಹಾಕಿಸಿ, ಕೆಳಗೆ ಅವರವರ ಹೆಸರು ಬರೆದು, ಬಾಗೂರಿನಲ್ಲೂ ಹಿರೀಸಾವೆಯಲ್ಲೂ ಹಂಚಿಬಿಟ್ಟಳು. ನೋಡುವುದಕ್ಕೆ ಎಲ್ಲರ ಮೆದುಳೂ ಒಂದೇ ಥರ, ಯಾರಿಗೇನು ನಷ್ಟ ಅನ್ನುವುದು ಅವಳ ಸಮಾಧಾನ. ಜನ ಆ ಫೋಟೋಗೆ ಕಟ್ಟು ಹಾಕಿಸಿದರು, ಕೆಲವರು ಕುಂಕುಮವನ್ನೂ ಇಟ್ಟರು. ಕಂಡಾಗಲೆಲ್ಲ ಅವಳಿಗೆ ನಗು ಬರುತ್ತಿತ್ತು.

ಈಗ ನಗುವ ಹೊತ್ತಲ್ಲ. ತಟ್ಟೆಯನ್ನು ಅಲ್ಲೇ ಇಟ್ಟು ಕಂಪ್ಯೂಟರಿನ ಮುಂದೆ ಕೂತಳು. ಪಾಸ್‌ವರ್ಡು ತಪ್ಪು ತಪ್ಪಾಗಿ ಬಿತ್ತು. ಕೊನೆಗೆ ಕಾಳಯ್ಯನ ವರದಿ ತೆರೆದುಕೊಂಡಿತು. ಶಶಿಕುಮಾರ್ ಅವರು ಆಗಲೇ ನೋಡಿ ಸಹಿ ಹಾಕಿದ್ದರು: ವಯಸ್ಸಿಗೆ ತಕ್ಕ ಮೆದುಳು, ಗಾಬರಿಪಡುವಂಥದ್ದು ಏನೂ ಇಲ್ಲ. ಬಾಗೂರಿನ ಉಳಿದವರ ವರದಿಗಳಲ್ಲೂ ಅದೇ ಮಾತು, ಅದೇ ಸಹಿ.

ಹೋದ ಜೀವ ಬಂದಂತಾಯಿತು. ದೊಡ್ಡಪ್ಪನ ತಲೆಯಲ್ಲಿ ಗಡ್ಡೆಯಿಲ್ಲ! ಇದು ಫೋನಿನಲ್ಲಿ ಆಗುವ ಮಾತಲ್ಲ ಅಂತ ಕಣ್ಣೀರು ಒರೆಸಿಕೊಂಡು, ಚನ್ನರಾಯಪಟ್ಟಣದ ಬಸ್ಸು ಹಿಡಿದು ಬಾಗೂರಿಗೆ ಹೊರಟಳು. ದಾರಿಯುದ್ದಕ್ಕೂ ಅವಳಿಗೆ ಒಂದೇ ಚಿಂತೆ. ನಿಜ ಹೇಳಿದರೆ ಊರಲ್ಲಿ ಮಾನ ಹೋಗುತ್ತದೆ, ಸುದ್ದಿ ಹಾಸನಕ್ಕೆ ಮುಟ್ಟಿದರೆ ಪಿಎಚ್‌ಡಿಯೂ ಹೋಗುತ್ತದೆ. ಹೇಳದಿದ್ದರೆ ದೊಡ್ಡಪ್ಪ ಹೆದರಿಕೆಯಲ್ಲೇ ಅರ್ಧ ಸಾಯುತ್ತಾನೆ. ಹೇಳಿಯೇ ತೀರುವುದು ಅಂತ ತೀರ್ಮಾನ ಮಾಡಿಕೊಂಡಳು. ಬೇರೆ ಯಾವ ಯೋಚನೆಗೂ ಅವಳ ತಲೆಯಲ್ಲಿ ಜಾಗವಿರಲಿಲ್ಲ.

ಬಾಗೂರಿನ ಮನೆಯ ಮುಂದೆ ಸಾಲಾಗಿ ಚಪ್ಪಲಿ ಬಿದ್ದಿದ್ದವು. ಒಳಗೆ ಬ್ರೆಡ್ಡು, ಬಾಳೆಹಣ್ಣು ಹಿಡಿದು ಬಂದವರೆಲ್ಲ ಗೋಡೆಗೆ ಒರಗಿ ಕೂತಿದ್ದರು. ನಡುಮನೆಯ ಚಾಪೆಯ ಮೇಲೆ ಕಾಳಯ್ಯ ತಲೆಗೆ ಟವೆಲ್ ಸುತ್ತಿಕೊಂಡು ಮಲಗಿದ್ದ. ನಿನ್ನೆಯವರೆಗೂ ತೆಂಗಿನ ಮರ ಹತ್ತುತ್ತಿದ್ದ ಆಸಾಮಿ ಒಂದೇ ದಿನದಲ್ಲಿ ಇಷ್ಟು ಮುದುಕನಾಗಿದ್ದು ಕಂಡು ಅವಳ ಕರುಳು ಚುರುಕ್ಕೆಂದಿತು. ತಲೆದಿಂಬಿನ ಪಕ್ಕದಲ್ಲೇ ಆ ಫೋಟೋ ಇತ್ತು. ಗಾಜಿನ ಮೇಲೆ, ಮೆದುಳಿನ ಅಂಚಿನಲ್ಲಿ, ಡಾಕ್ಟರು ಬರೆದ ನೀಲಿ ಸುತ್ತು.

"ಬಂದಾ ಮಗಾ," ಅಂದ ದೊಡ್ಡಪ್ಪ ಕ್ಷೀಣವಾಗಿ. "ನಿನ್ ಮದ್ವೆ ಒಂದು ನೋಡ್ಬುಟ್ಟು ಓಗಾನ ಅಂತಿದ್ದೆ."

ಅವಳು ಬಾಯಿ ತೆರೆಯುವಷ್ಟರಲ್ಲಿ ಎದುರು ಮನೆಯ ಲಕ್ಕಮ್ಮ ಏದುಸಿರು ಬಿಡುತ್ತಾ ಒಳಗೆ ಬಂದಳು. ಅವಳೂ ಸ್ಕ್ಯಾನಿಂಗಿಗೆ ಹೋಗಿಬಂದವಳೇ. ಸೆರಗಿನ ಮರೆಯಿಂದ ತನ್ನ ಫೋಟೋ ತೆಗೆದು ಕಾಳಯ್ಯನ ಫೋಟೋದ ಪಕ್ಕದಲ್ಲಿಟ್ಟಳು.

"ನಂದೂ ವಸಿ ನೋಡ್ರಪ್ಪ. ಬೆಳಗ್ಗಿಂದ ನಂಗೂ ತಲೆ ಒಂಥರಾ ಆಯ್ತಾ ಐತೆ," ಅಂದಳು.

ಸಿದ್ದರಾಜು ಬಗ್ಗಿ ಅದನ್ನೊಮ್ಮೆ ಇದನ್ನೊಮ್ಮೆ ನೋಡಿದ. ನೀಲಿ ಸುತ್ತಿನ ಜಾಗಕ್ಕೆ ಬೆರಳಿಟ್ಟು, ಅದೇ ಬೆರಳನ್ನು ಲಕ್ಕಮ್ಮನ ಫೋಟೋ ಮೇಲೆ ತಂದ. ಅಲ್ಲೂ ಅದೇ ಉಬ್ಬು, ಅದೇ ಜಾಗ, ಅದೇ ಆಕಾರ. ಒಮ್ಮೆ ತೋರಿಸಿದ ಮೇಲೆ ಕುರುಡನಿಗೂ ಕಾಣುವಂತಿತ್ತು.

"ಅಯ್ಯಯ್ಯೋ, ನಂಗೂ ಅಲ್ಲೇ ಐತಲ್ಲೋ!" ಲಕ್ಕಮ್ಮ ಬಾಯಿ ಬಡಿದುಕೊಂಡಳು. ಮನೆ ತುಂಬ ಹುಯಿಲೆದ್ದಿತು. ಆ ಮಿಸಿನ್ನೇ ಗಡ್ಡೆ ತರ್ಸಿರೋದು ಅಂತ ಒಬ್ಬ, ನಮ್ಮನೇದೂ ತತ್ತೀನಿ ತಡೀರಿ ಅಂತ ಇನ್ನೊಬ್ಬ. ಎಲ್ಲರ ಕಣ್ಣೂ ಯಶಸ್ವಿನಿಯ ಮೇಲೆ ಬಿದ್ದವು.

"ಸುಮ್ನಿರಿ ಎಲ್ಲಾರೂ!" ಅಂತ ಅವಳು ಕೂಗಿದಳು. "ದೊಡ್ಡಪ್ಪಂಗೆ ಏನೂ ಇಲ್ಲ. ಲಕ್ಕಮ್ಮಂಗೂ ಏನೂ ಕಂಡಿಲ್ಲ. ಈ ಫೋಟೋ ನಿಮ್ದಲ್ಲ. ನಿಮ್ ನಿಮ್ಮ ಫೋಟೋ ತಡ ಆಯ್ತಿತ್ತು ಅಂತ ಒಂದನ್ನೇ ಎಲ್ಲಾರ್ಗೂ ಕೊಟ್ಬುಟ್ಟೆ. ತಪ್ಪಾಯ್ತು. ನಿಮ್ ನಿಜವಾದ ಚಿತ್ರ ಡಾಕ್ಟ್ರು ನೋಡವ್ರೆ. ದೊಡ್ಡಪ್ಪಾ, ನಿನ್ ತಲೆ ಕಲ್ಲುಗುಂಡಿನಂಗೈತೆ."

ಕಾಳಯ್ಯ ಎದ್ದು ಕೂತು, ಟವೆಲ್ ಬಿಚ್ಚಿ, ತನ್ನ ಬೋಳು ತಲೆಯನ್ನು ತಾನೇ ಸವರಿಕೊಂಡ.

"ಥೂ ನಿನ್ನ! ಬೆಳಗ್ಗಿಂದ ನಾವಿಲ್ಲಿ ಸತ್ತು ಬದುಕಿದೀವಿ. ಓದಿರೋಳು ಮಾಡೋ ಕೆಲ್ಸವೇನೆ ಇದು?" ಸಿದ್ದರಾಜು ಉರಿದುಬಿದ್ದ.

"ಬುಡ್ಲಾ, ಗಡ್ಡೆ ಇಲ್ವಲ್ಲ, ಅಷ್ಟು ಸಾಕು," ಅಂದ ಕಾಳಯ್ಯ. ಯಾರೋ ನಕ್ಕರು. ರೋಗಿಗೆ ಅಂತ ಯಾರೋ ತಂದಿದ್ದ ಬಾಳೆಹಣ್ಣನ್ನು ಲಕ್ಕಮ್ಮ ಸುಲಿದು ತಿನ್ನತೊಡಗಿದಳು. ಯಶಸ್ವಿನಿಗೆ ಅಳುವೂ ನಗುವೂ ಒಟ್ಟಿಗೇ ಬಂತು. ಬೈಗುಳ ಇಷ್ಟಕ್ಕೇ ಮುಗಿಯಿತಲ್ಲ ಅಂತ ಮನಸ್ಸು ಹಗುರಾಯಿತು.

ನಗದಿದ್ದವಳು ದೊಡ್ಡವ್ವ ಮರಿಯಮ್ಮ ಒಬ್ಬಳೇ. ಅವಳು ಫೋಟೋವನ್ನು ಮಡಿಲಲ್ಲಿಟ್ಟುಕೊಂಡು ಆ ನೀಲಿ ಸುತ್ತನ್ನೇ ನೋಡುತ್ತಿದ್ದಳು.

"ಅಂಗಾರೆ, ಇದು ಯಾರ ತಲೆನವ್ವಾ? ಪಾಪ, ಆ ಜೀವಕ್ಕಾದ್ರೂ ಯೋಳ್ಬೇಕಲ್ಲ," ಅಂದಳು.

"ಬೇರೆಯವರ್ದು ಕೊಟ್ರೆ ತಪ್ಪಾಯ್ತದೆ ಅಂತ ನಾನು ನಂದೇ..." ಅಂತ ಯಶಸ್ವಿನಿ ನಗುತ್ತಲೇ ಶುರುಮಾಡಿದಳು.

ಮಾತು ಅಲ್ಲೇ ನಿಂತಿತು. ನಗು ಮುಖದ ಮೇಲೆ ಹಾಗೇ ಉಳಿದಿತ್ತು, ಅದನ್ನು ಇಳಿಸುವುದೂ ಅವಳಿಗೆ ಮರೆತುಹೋಯಿತು. ಕೈ ತಾನಾಗಿ ಮೇಲೆದ್ದು ಹಣೆಯ ಪಕ್ಕಕ್ಕೆ, ಆ ನೀಲಿ ಸುತ್ತು ಇರಬೇಕಾದ ಕಡೆಗೆ ಹೋಯಿತು.

ಕೆಲಸಕ್ಕೆ ಸೇರಿದ ದಿನ ಅವಳನ್ನೂ ಯಂತ್ರದಲ್ಲಿ ಮಲಗಿಸಿದ್ದರು. ಅದು ಕೇಂದ್ರದ ಪದ್ಧತಿ. ಒಳಗೆ ಮಲಗಿದವರಿಗೆ ಹೇಗಾಗುತ್ತದೆ ಅಂತ ಹೊಸಬರಿಗೆ ಗೊತ್ತಾಗಲಿ ಅಂತ, ಯಂತ್ರವನ್ನು ಪರೀಕ್ಷೆ ಮಾಡಿದಂತೆಯೂ ಆಗಲಿ ಅಂತ. ಯಂತ್ರ ನಡೆಸುವ ರೂಪಶ್ರೀ, ಹರ್ಷವರ್ಧನ್ ಸರ್, ಗೆಳೆಯ ಗೆಳತಿಯರು ಎಲ್ಲರೂ ಪರದೆಯ ಮುಂದೆ ನೆರೆದು ನೋಡಿದ್ದರು. "ವೆರಿ ಗುಡ್, ಒಂಚೂರೂ ಅಲ್ಲಾಡಿಲ್ಲ," ಅಂದಿದ್ದರು ಸರ್. ಅಲ್ಲಿ ಚಿತ್ರ ಚೆನ್ನಾಗಿದೆಯೇ ಅಂತ ನೋಡುತ್ತಾರೆ, ತಲೆ ಚೆನ್ನಾಗಿದೆಯೇ ಅಂತ ಅಲ್ಲ. ಊರವರ ಚಿತ್ರ ಡಾಕ್ಟರಿಗೆ ಹೋಗುತ್ತದೆ. ನಮ್ಮವರದ್ದಕ್ಕೆ ಯಾಕೆ ಅಂತ ಕೇಂದ್ರದವರ ಚಿತ್ರ ಹೋಗುತ್ತಿರಲಿಲ್ಲ. ಊರಿಗೆಲ್ಲ ಶಕುನ ಹೇಳುವ ಹಲ್ಲಿ ತಾನೇ ಹೋಗಿ ಮುಸುರೆ ಬಾನಿಗೆ ಬಿತ್ತಂತೆ. ಅವಳ ತಲೆಯ ಗಡ್ಡೆ ಊರೂರಿನ ಗೋಡೆಗಳ ಮೇಲೆ ಕುಂಕುಮ ಇಡಿಸಿಕೊಂಡು ಕೂತಿತ್ತು. ಎಷ್ಟು ಜನ ನೋಡಿದ್ದರು! ಅವಳೇ ಎಷ್ಟು ಸಲ ನೋಡಿದ್ದಳು!

"ಯಶೂ?" ಅಂದ ಸಿದ್ದರಾಜು. ಅವನ ಸಿಟ್ಟು ಎಲ್ಲಿ ಹೋಯಿತೋ.

ಮರಿಯಮ್ಮನಿಗೆ ಅರ್ಥವಾಗಿತ್ತು. ಫೋಟೋವನ್ನು ಎದೆಗೆ ಒತ್ತಿಕೊಂಡು, "ನನ್ ಕೂಸೇ," ಅಂದಳು, ಅಷ್ಟೇ. ಲಕ್ಕಮ್ಮನ ಕೈಯಲ್ಲಿದ್ದ ಬಾಳೆಹಣ್ಣು ಅರ್ಧಕ್ಕೇ ನಿಂತಿತು.

ಮೊದಲು ಎದ್ದವನು ಕಾಳಯ್ಯ. ಬೆಳಗಿನಿಂದ ರೋಗಿಯಾಗಿದ್ದವನು ಗೂಟದಲ್ಲಿದ್ದ ಅಂಗಿ ಎಳೆದು ತೊಟ್ಟುಕೊಂಡ. "ಏಳವ್ವ. ಆಸ್ನಕ್ಕೆ ಓಗಾನ," ಅಂದು ಅವಳ ರಟ್ಟೆ ಹಿಡಿದು ಎಬ್ಬಿಸಿದ.

ಹಾಸನದಲ್ಲಿ ಯಶಸ್ವಿನಿ ಮಾಡಿದ್ದನ್ನೆಲ್ಲ ಒಂದೇ ಉಸಿರಿಗೆ ಹೇಳಿಬಿಟ್ಟಳು. ಹರ್ಷವರ್ಧನ್ ಅವರಿಗೆ ಬಯ್ಯಬೇಕೋ ಬೇಡವೋ ತಿಳಿಯಲಿಲ್ಲ. ಅವರ ಮುಖ ಬಿಳಿಚಿಕೊಂಡಿತ್ತು, ಪರದೆಯ ಮೇಲಿದ್ದ ಆ ಚಿತ್ರದಿಂದ ಕಣ್ಣು ಕೀಳಲಾರದೆ ನಿಂತಿದ್ದರು. "ನಾನೇ ನೋಡಿದ್ದೆ. ಚೆನ್ನಾಗಿದೆ ಅಂದಿದ್ದೆ," ಅಂತ ಅದನ್ನೇ ಮತ್ತೆ ಮತ್ತೆ ಹೇಳಿದರು. ಪಿಎಚ್‌ಡಿಯ ಸುದ್ದಿಯನ್ನು ಅವರೂ ಎತ್ತಲಿಲ್ಲ, ಅವಳೂ ಕೇಳಲಿಲ್ಲ.

ಸುದ್ದಿ ತಿಳಿದು ಓಡಿಬಂದ ಶಶಿಕುಮಾರ್ ಮಾತ್ರ ತುಂಬ ಹೊತ್ತು ನೋಡಿದರು. "ಮೆದುಳಿನ ಬಣ್ಣದ್ದೇ ಬಣ್ಣ, ಅದಕ್ಕೇ ಯಾರ ಕಣ್ಣಿಗೂ ಬಿದ್ದಿಲ್ಲ. ಇಂಥವು ಬಹಳಷ್ಟು ನಿಧಾನಕ್ಕೆ ಬೆಳೀತವೆ, ತೆಗೆಯೋಕೂ ಆಗುತ್ತೆ. ಆದರೆ ಕಣ್ಣಿನ ನರದ ಕಡೆಗೆ ಚಾಚ್ತಾ ಇದೆ. ಗಡ್ಡೆ ಎದ್ದು ಕಾಣೋ ಥರದ ಔಷಧಿ ಕೊಟ್ಟು ಇನ್ನೊಂದು ಸಲ ಚಿತ್ರ ತೆಗೆಯದೆ ಏನೂ ಹೇಳೋಕಾಗಲ್ಲ. ತಡ ಮಾಡದೆ ಬಂದದ್ದು ಒಳ್ಳೇದಾಯ್ತು," ಅಂದರು. ಆಮೇಲೆ, "ಯಾರು ಮೊದಲು ಕಂಡುಹಿಡಿದದ್ದು?" ಅಂತ ಕೇಳಿದರು. ಕಾಳಯ್ಯ ಕೈಲಿದ್ದ ಕಟ್ಟು ಹಾಕಿದ ಫೋಟೋವನ್ನೇ ಮೇಲೆತ್ತಿ ತೋರಿಸಿದ.

ರೂಪಶ್ರೀ ಅವಳ ಕೈಗೆ ಸೂಜಿ ಚುಚ್ಚಿ, ಯಂತ್ರದ ಹಲಗೆಯ ಮೇಲೆ ಮಲಗಿಸಿದಳು. ಗಾಬರಿಯಾದರೆ ಅಮುಕುವ ರಬ್ಬರಿನ ಗುಂಡನ್ನು ಕೈಗೆ ಕೊಟ್ಟಳು. "ಏನೂ ಆಗಲ್ಲ, ಸ್ವಲ್ಪ ಸದ್ದು ಬರುತ್ತೆ ಅಷ್ಟೇ," ಅಂತ ಯಶಸ್ವಿನಿ ಎಷ್ಟೋ ಜನರಿಗೆ ಹೇಳಿದ್ದಳು. ಅದೇ ಮಾತನ್ನು ಈಗ ರೂಪಶ್ರೀ ಹೇಳಿದಾಗ ಅದರಲ್ಲಿ ಎಳ್ಳಷ್ಟೂ ಧೈರ್ಯ ಸಿಗಲಿಲ್ಲ. ಹಲಗೆ ಒಳಗೆ ಸರಿಯಿತು. ಮುಖದ ಮೇಲೆ ಬಿಳಿಯ ಸೂರು ಬಂತು. ಅವಳ ಹಲ್ಲು ಕಟಕಟ ಅನ್ನತೊಡಗಿತು.

ದೊಡ್ಡಪ್ಪನ ಸ್ಕ್ಯಾನಿಂಗ್ ದಿನ ಅವನೂ ಹೀಗೇ ನಡುಗಿದ್ದ. ಮೈಮೇಲೆ ಲೋಹದ ವಸ್ತು ಇಟ್ಟುಕೊಂಡು ಒಳಗೆ ಬರುವಂತಿಲ್ಲ ಅಂದಾಗ ದೊಡ್ಡವ್ವ ತಾಳಿ, ಕಾಲುಂಗುರ ಬಿಚ್ಚಲಾರೆ ಅಂತ ಹೊರಗೇ ಉಳಿದಿದ್ದಳು. ಇವನು ಬೆಳ್ಳಿಯ ಉಡದಾರ ಬಿಚ್ಚಿಟ್ಟು, ಬರಿ ಮೈಯಾದವನ ಹಾಗೆ ನಾಚಿ, "ನನ್ ಕಾಲು ಎಬ್ಬೆಟ್ಟು ಇಡ್ಕ ಮಗಾ, ಬುಟ್ರೆ ಎದ್ದು ಬಂದ್ಬುಡ್ತೀನಿ," ಅಂದಿದ್ದ. ಚಿತ್ರ ಮುಗಿಯುವವರೆಗೂ ಅವಳು ಹಿಡಿದುಕೊಂಡೇ ನಿಂತಿದ್ದಳು.

ಈಗ ಯಾರೋ ಒಳಗೆ ಬಂದ ಸದ್ದಾಯಿತು. "ಉಡದಾರ ಆಚೇಲೇ ಬಿಚ್ಚಿಟ್ಟಿವ್ನಿ ಕಣವ್ವ, ತಾಯ್ತಾನೂ ಬಿಚ್ಚಿವ್ನಿ. ನಿಲ್ಬೋದಾ?" ಅಂತ ರೂಪಶ್ರೀಯನ್ನು ಕೇಳುವ ದನಿ. ಮರುಕ್ಷಣ ಅವಳ ಬಲಗಾಲಿನ ಹೆಬ್ಬೆಟ್ಟನ್ನು ಒಂದು ಒರಟು ಕೈ ಹಿಡಿದುಕೊಂಡಿತು.

"ಅಲ್ಲಾಡ್ಬ್ಯಾಡ ಮಗಾ," ಅಂದ ದೊಡ್ಡಪ್ಪ. "ಈ ದಪ ನಿನ್ನ ಫೋಟೋನ ಡಾಕ್ಟ್ರು ನೋಡ್ತಾರಂತೆ."