ಹಾಲಿಗೆ ಹಾಕಿದ ಉಂಗುರ

ನಮ್ಮ ಮನೆಯ ದೇವರು ಅಡುಗೆಮನೆಯಲ್ಲೇ ಇದ್ದಾನೆ. ಮುಂಬೈ ಪಕ್ಕದ ಠಾಣೆ ಊರಿನ ವರ್ತಕ ನಗರದ ಸಣ್ಣ ಫ್ಲ್ಯಾಟಿನಲ್ಲಿ ದೇವರಿಗೆಂದು ಬೇರೆ ಕೋಣೆ ಎಲ್ಲಿಂದ ತರುವುದು? ಮಿಕ್ಸಿಯ ಪಕ್ಕದಲ್ಲಿ ದೀಪ, ದೀಪದ ಹಿಂದೆ ದೇವರು. ಅದೇ ಕಟ್ಟೆಯ ಮೇಲೆ ಪ್ರತಿ ಸಂಜೆ ನನ್ನ ಗಂಡ ಶಂಭು ಅವರಿಗೆ ಒಂದು ಲೋಟ ಹಾಲನ್ನೂ ಇಡುತ್ತೇನೆ.

ಶಂಭು ಅವರದು ರಸ್ತೆಗಳು ಕೂಡುವ ನಾಕಾದ ಹತ್ತಿರ ಒಂದು ಹೋಟೆಲು. ಊರಿಗೆಲ್ಲ ಇಡ್ಲಿ ಬಡಿಸುವ ಈ ಮನುಷ್ಯ ತಾನು ತಿನ್ನುವುದು ಗೋಳಿಬಜೆ ಮತ್ತು ಮೈದಾದ ಬನ್ಸ್. ಸೊಪ್ಪು ಕಂಡರೆ ದನದ ಮೇವು ಎಂದು ಮುಖ ತಿರುಗಿಸುತ್ತಾರೆ. ಹೀಗಾಗಿ ಅವರ ಹೊಟ್ಟೆ ಮುಷ್ಕರ ಹೂಡಿ ವರ್ಷಗಳಾಗಿವೆ. ಸಂಜೆ ಒಮ್ಮೆ ಮನೆಗೆ ಬಂದು, ಹಾಲಿಗೆ ಇಸಬಗೋಲಿನ ಹೊಟ್ಟು ಸುರಿದು ಕಲಕಿ, ಕಣ್ಣು ಮುಚ್ಚಿ ಮೂಗು ಹಿಡಿದು ಒಂದೇ ಸಲಕ್ಕೆ ನುಂಗುತ್ತಾರೆ. ಅದರ ಮೇಲೆ ಒಂದು ಗುಟುಕು ನೀರು ಕುಡಿಯಿರಿ ಎಂದರೆ ನನ್ನ ಮೇಲೆಯೇ ಹರಿಹಾಯುತ್ತಾರೆ. ಆಮೇಲೆ ಲೋಟವನ್ನು ಕುರ್ಚಿಯ ಪಕ್ಕ ನೆಲದ ಮೇಲಿಟ್ಟು ಹೋಟೆಲಿಗೆ ಓಡುತ್ತಾರೆ. ಲೋಟ ಎತ್ತುವುದು ನನ್ನ ಹಣೆಬರಹ.

ಆ ಭಾನುವಾರ ಘಣಸೋಲಿಯಲ್ಲಿ ನಮ್ಮ ಮಗಳು ಅಶ್ಮಿತಾಳ ಮಗು ಇಂಚರಳ ಅನ್ನಪ್ರಾಶನವಿತ್ತು. ಅದಕ್ಕೆಂದು ಡೊಂಬಿವಲಿಯಲ್ಲಿ ಕಿರಿಯ ಮಗನ ಜೊತೆಗಿರುವ ನನ್ನ ಅತ್ತೆ ಭಾಗೀರಥಿ, ಮನೆತನದ ಪುಟ್ಟ ಚಿನ್ನದ ಉಂಗುರವನ್ನು ತಂದುಕೊಟ್ಟರು. ಶಂಭು ಮಗುವಾಗಿದ್ದಾಗ ತೊಟ್ಟಿದ್ದ ಉಂಗುರ. ನನ್ನ ಕೈಗೆ ಕೊಟ್ಟದ್ದು ಏನೂ ಉಳಿಯುವುದಿಲ್ಲ ಎಂದು ಮದುವೆಯಾದಾಗಿನಿಂದ ಹೇಳಿಕೊಂಡು ಬಂದವರು, ಮೊದಲ ಬಾರಿಗೆ ಏನನ್ನೋ ನನ್ನ ಕೈಗಿಟ್ಟಿದ್ದರು.

"ಮಗುವಿನ ಬೆರಳಿಗೆ ಹಾಕುವ ಮೊದಲು ದೇವರ ಎದುರು ಹಾಲಿನಲ್ಲಿ ಹಾಕಿಡ್ಬೇಕು, ಮರೀಬೇಡ. ಕಳ್ಕೊಂಡ್ರೆ ಮಾತ್ರ ನನಗೆ ಮುಖ ತೋರಿಸ್ಬೇಡ" ಎಂದು ಹೇಳಿ ಹೋದರು.

ನಾನು ಮರೆಯಲಿಲ್ಲ. ಗುರುವಾರ ಸಂಜೆ ಸ್ಟೀಲ್ ಲೋಟದಲ್ಲಿ ಹಾಲು ಹಾಕಿ, ಉಂಗುರ ಬಿಟ್ಟು, ದೇವರ ಮುಂದಿಟ್ಟೆ. ಹೂವು ಮುಗಿದಿತ್ತೆಂದು ಕೆಳಗಿನ ಅಂಗಡಿಗೆ ಹೋಗಿ ಬಂದೆ. ಬಂದು ನೋಡಿದರೆ ಲೋಟ ನೆಲದ ಮೇಲೆ ಉರುಳಿತ್ತು, ಅದರೊಳಗೆ ನಮ್ಮ ನಾಯಿ ಬೋಂಡನ ನಾಲಿಗೆ ಇತ್ತು. ಹಾಲೂ ಇಲ್ಲ, ಉಂಗುರವೂ ಇಲ್ಲ. ಬೋಂಡ ಬಾಲ ಅಲ್ಲಾಡಿಸಿದ.

ಹೋಟೆಲಿಗೆ ಫೋನ್ ಮಾಡಿದೆ. "ಮಾರಾಯ್ರೆ, ಬೋಂಡ ಉಂಗುರ ನುಂಗಿದ!"

"ಎಂತ? ಅಮ್ಮನ ಉಂಗುರವಾ?" ಎಂದು ಅವರೂ ಕಿರುಚಿದರು. "ಅಮ್ಮನಿಗೆ ಹೇಳ್ಬೇಡ ಮಾರಾಯ್ತಿ!"

ಪೋಖರಣ ರಸ್ತೆಯಲ್ಲಿ ನಾಯಿ-ಬೆಕ್ಕುಗಳನ್ನು ನೋಡುವ ಡಾಕ್ಟರ್ ಯಾಮಿನಿ ಮೈಸೂರಿನವಳು. ಫೋನಿನಲ್ಲೇ ಸಮಾಧಾನ ಹೇಳಿದಳು. "ಚಿಕ್ಕದು, ನುಣುಪಾಗಿದೆ ಅಂತೀರ ಅಲ್ವಾ ಆಂಟಿ, ಹೆದರ್ಬೇಡಿ. ವಾಂತಿ, ಹೊಟ್ಟೆನೋವು ಏನಾದ್ರೂ ಕಂಡ್ರೆ ತಕ್ಷಣ ಕರ್ಕೊಂಡು ಬನ್ನಿ. ಅಲ್ಲೀವರ್ಗೂ ಅನ್ನದ ಜೊತೆ ಬೇಯಿಸಿದ ಕುಂಬಳಕಾಯಿ ಕೊಡಿ. ಉಪ್ಪು, ಈರುಳ್ಳಿ, ಬೆಳ್ಳುಳ್ಳಿ ಏನೂ ಬೇಡ. ನೀರು ಚೆನ್ನಾಗಿ ಕುಡೀಲಿ. ನಾರು ಇದ್ರೆ ತಾನಾಗೇ ಮುಂದಕ್ಕೆ ತಳ್ಳುತ್ತೆ. ನಾಳೆ ಸಂಜೆ ಎಕ್ಸ್‌ರೇ ತೆಗೆಯೋಣ."

ಶುಕ್ರವಾರವಿಡೀ ಬೋಂಡನಿಗೆ ಹಬ್ಬ. ಚೀನೀಕಾಯಿ, ಅದೇ ಸಿಹಿಗುಂಬಳ, ಬೇಯಿಸಿ ಹಿಸುಕಿ ಕೊಟ್ಟರೆ ತಟ್ಟೆಯನ್ನೇ ನೆಕ್ಕಿ ಹೊಳೆಯಿಸಿದ. ಆಮೇಲೆ ನಾನು ಒಂದು ಕೈಯಲ್ಲಿ ಪ್ಲಾಸ್ಟಿಕ್ ಚೀಲ, ಇನ್ನೊಂದರಲ್ಲಿ ಕಡ್ಡಿ ಹಿಡಿದು ಕಾಂಪೌಂಡಿನ ಸುತ್ತ ಅವನ ಹಿಂದೆ ಹಿಂದೆ ನಡೆದೆ. ಸೊಸೈಟಿಗೆ ಸುದ್ದಿ ಹರಡಲು ಎಷ್ಟು ಹೊತ್ತು ಬೇಕು? ಒಂದೊಂದು ಬಾಲ್ಕನಿಯಿಂದಲೂ "ಝಾಲಂ ಕಾ?" ಎಂಬ ಪ್ರಶ್ನೆ. ಆಯಿತೇ ಎಂದು ಕೇಳುವ ಸೌಜನ್ಯ. ಮೂರನೇ ಮಹಡಿಯ ಚಂದ್ರಬಾಯಿಯಂತೂ ಕುರ್ಚಿಯನ್ನೇ ಹೊರಗೆ ಹಾಕಿಕೊಂಡು ಕುಳಿತಿದ್ದರು.

ಬೋಂಡ ನಮ್ಮನ್ನು ನಿರಾಶೆಗೊಳಿಸಲಿಲ್ಲ. ಅವನ ಜನ್ಮದಲ್ಲಿ ಅಷ್ಟು ಅಚ್ಚುಕಟ್ಟಾಗಿ ಎಂದೂ ಕೆಲಸ ಮುಗಿಸಿರಲಿಲ್ಲ. ಚಂದ್ರಬಾಯಿ ಚಪ್ಪಾಳೆ ತಟ್ಟಿದರು. ನಾನು ಮೂಗು ಮುಚ್ಚಿಕೊಂಡು ಕಡ್ಡಿಯಿಂದ ಕೆದಕಿದೆ. ಕುಂಬಳಕಾಯಿಯ ನಾರು ಸಿಕ್ಕಿತು, ಚಿನ್ನ ಸಿಗಲಿಲ್ಲ.

ಸಂಜೆ ಶಂಭು, ನಾನು, ಬೋಂಡ ರಿಕ್ಷಾದಲ್ಲಿ ಡಾಕ್ಟರ ಬಳಿ ಹೋದೆವು. ಎಕ್ಸ್‌ರೇಯಲ್ಲಿ ಬೋಂಡನ ಹೊಟ್ಟೆ ಗುಡಿಸಿ ಒರೆಸಿಟ್ಟ ಮನೆಯ ಹಾಗಿತ್ತು.

"ಇಲ್ಲಿ ಉಂಗುರವೇ ಇಲ್ವಲ್ಲ ಆಂಟಿ" ಎಂದಳು ಯಾಮಿನಿ. "ನಾಯಿ ಬರೀ ಉಂಗುರಕ್ಕೆ ಯಾಕೆ ಬಾಯಿ ಹಾಕ್ತು?"

"ಬರೀ ಉಂಗುರ ಅಲ್ಲ. ಲೋಟದ ಹಾಲಿನಲ್ಲಿ ಹಾಕಿ ದೇವರ ಎದುರು ಇಟ್ಟಿದ್ದೆ."

"ಯಾವ ಹಾಲು?" ಎಂದರು ಶಂಭು.

ಅವರ ದನಿ ಕೇಳಿ ಬೋಂಡ ಕೂಡ ಕಿವಿ ನಿಮಿರಿಸಿದ.

"ಸ್ಟೀಲ್ ಲೋಟದ್ದು. ಮಿಕ್ಸಿಯ ಹತ್ತಿರ."

"ಅದು ನನ್ನ ಹಾಲಲ್ವಾ ಮಾರಾಯ್ತಿ! ನಾನು ನಿನ್ನೆ ಬಂದು ಇಸಬಗೋಲ್ ಹಾಕಿ..." ಅವರ ಎರಡೂ ಕೈ ಹೊಟ್ಟೆಯ ಮೇಲೆ ಹೋದವು.

ಯಾಮಿನಿ ಮೇಜಿನ ಮೇಲೆ ತಲೆಯಿಟ್ಟು ನಕ್ಕಳು. ನನಗೂ ತಡೆಯಲಾಗಲಿಲ್ಲ. ಅಳಬೇಕಾದ ಹೊತ್ತಿನಲ್ಲಿ ಹೊಟ್ಟೆ ಹಿಡಿದುಕೊಂಡು ನಕ್ಕೆ. "ಏನೋ ಗಟ್ಟಿಯಾಗಿ ಗಂಟಲಿಗೆ ತಾಗಿತು, ಇಸಬಗೋಲಿನ ಗಂಟು ಅಂದ್ಕೊಂಡೆ" ಎಂದು ಶಂಭು ಗೊಣಗಿದರು.

"ಅಂಕಲ್, ಮೇಲಿಂದ ನೀರು ಕುಡಿದ್ರಾ?"

"ಅವರು ಯಾವತ್ತೂ ಕುಡಿಯುವುದಿಲ್ಲ" ಎಂದು ನಾನೇ ದೂರು ಕೊಟ್ಟೆ. ಎಷ್ಟು ವರ್ಷಗಳ ದೂರು!

"ಅಯ್ಯೋ, ನೀರಿಲ್ದೆ ಇಸಬಗೋಲ್ ನುಂಗೋದು ಒಳಗೆ ಸಿಮೆಂಟ್ ಕಲಸಿದ ಹಾಗೆ. ನಾರು ಜೀರ್ಣ ಆಗೋ ವಸ್ತು ಅಲ್ಲ ಅಂಕಲ್, ಅದು ನೀರು ಹೀರಿ ಉಬ್ಬಿದ್ರೇನೇ ಎಲ್ಲ ಸಲೀಸಾಗಿ ಜಾರೋದು. ನಾಯಿಗಾದ್ರೂ ಅಷ್ಟೇ, ನಿಮಗಾದ್ರೂ ಅಷ್ಟೇ. ಆದ್ರೆ ನಿಮ್ಮ ಎಕ್ಸ್‌ರೇ ನಾನು ತೆಗೆಯೋ ಹಾಗಿಲ್ಲ. ಮನುಷ್ಯರ ಡಾಕ್ಟರ ಹತ್ರ ಹೋಗಿ."

ಹೋದೆವು. ಮನುಷ್ಯರ ಡಾಕ್ಟರು ಎಕ್ಸ್‌ರೇಯನ್ನು ಬೆಳಕಿಗೆ ಹಿಡಿದಾಗ ಉಂಗುರ ದುಂಡಗೆ, ಗಂಭೀರವಾಗಿ ಕುಳಿತಿತ್ತು. ಜಠರ ದಾಟಿದೆ, ತಾನಾಗಿ ಬರುತ್ತದೆ, ನೋವು ಬಂದರೆ ಓಡಿ ಬನ್ನಿ, ತರಕಾರಿ ತಿನ್ನಿ, ನೀರು ಕುಡಿಯಿರಿ ಎಂದರು.

ಶನಿವಾರ ನಮ್ಮ ಮನೆಯಲ್ಲಿ ಎರಡು ತಟ್ಟೆಗಳಿಗೆ ಒಂದೇ ಕುಂಬಳಕಾಯಿ. ಗಂಡನದಕ್ಕೆ ಮಾತ್ರ ಉಪ್ಪು, ಒಗ್ಗರಣೆ. ಜೊತೆಗೆ ಬಾಳೆದಿಂಡಿನ ಪಲ್ಯ, ಬಸಳೆ, ಹೆಸರುಕಾಳು. "ಒಂದೇ ದಿನ ಇಷ್ಟು ಕೊಟ್ರೆ ಹೊಟ್ಟೆ ಉಬ್ಬರಿಸ್ತದೆ" ಎಂದು ಅವರು ಗೋಗರೆದರು. ಉಬ್ಬರಿಸಿತು ಕೂಡ. ಅವರು ಎದ್ದರೂ ಸದ್ದು, ಕುಳಿತರೂ ಸದ್ದು. ಬೋಂಡ ಪ್ರತಿ ಸಲವೂ ತಿರುಗಿ ನೋಡುತ್ತಿದ್ದ. ನಾನು ಪಲ್ಯ ಕಡಿಮೆ ಮಾಡಿ, ನೀರಿನ ತಂಬಿಗೆ ಹಿಡಿದು ಅವರ ಹಿಂದೆ ತಿರುಗಿದೆ. ಜೀವಮಾನದಲ್ಲಿ ಮೊದಲ ಬಾರಿ ಅವರು ನಾನು ಹೇಳಿದಷ್ಟು ನೀರು ಕುಡಿದರು. ಆದರೆ ಉಂಗುರ ಬರಲಿಲ್ಲ. ನನ್ನ ನಗೆ ಅಲ್ಲಿಗೆ ನಿಂತಿತು. ನಾಳೆ ಅತ್ತೆಗೆ ಯಾವ ಮುಖ ತೋರಿಸಲಿ?

ಭಾನುವಾರ ಬೆಳಿಗ್ಗೆ ನಾನು ಸೀರೆಯ ನೆರಿಗೆ ಹಿಡಿಯುತ್ತಿರುವಾಗ ಬಾತ್‌ರೂಮಿನಿಂದ ಇಡೀ ಕಟ್ಟಡಕ್ಕೆ ಕೇಳುವಂಥ ಕೂಗು ಬಂತು.

"ಜಯಾ! ಬಂತು!"

ಮುಂದಿನ ವಿವರ ನನಗೂ ಬೇಡ, ನಿಮಗೂ ಬೇಡ. ನನ್ನ ಹಳೆಯ ಚಹಾ ಸೋಸುವ ಜಾಲರಿ ಅಂದು ಕಸದ ಡಬ್ಬಿ ಸೇರಿತು. ಬಾಲ್ಕನಿಯಿಂದ ಚಂದ್ರಬಾಯಿ "ಝಾಲಂ ಕಾ?" ಎಂದರು. "ಝಾಲಂ, ಝಾಲಂ!" ಎಂದೆ. ಯಾರದ್ದೆಂದು ಹೇಳಲಿಲ್ಲ. ಬೋಂಡನಿಗೆ ಮತ್ತೊಮ್ಮೆ ಚಪ್ಪಾಳೆ ಬಿತ್ತು.

ಉಂಗುರವನ್ನು ಸಾಬೂನಿನಲ್ಲಿ ತೊಳೆದೆ, ಹುಣಿಸೆಹುಳಿಯಲ್ಲಿ ಉಜ್ಜಿದೆ, ಕುದಿಯುವ ನೀರಿನಲ್ಲಿ ಹಾಕಿದೆ, ತೆಗೆದು ಮತ್ತೆ ಹಾಕಿದೆ. ಬೆರಳಿಗೆ ತಾನೇ ಹಾಕುವುದು, ಪರವಾಗಿಲ್ಲ ಎಂದುಕೊಂಡು ಠಾಣೆಯಿಂದ ವಾಶಿ ಲೋಕಲ್ ಹಿಡಿದು ಘಣಸೋಲಿಯಲ್ಲಿ ಇಳಿದೆವು. ಅತ್ತೆ ನಮಗಿಂತ ಮೊದಲೇ ಬಂದಿದ್ದರು. ಉಂಗುರ ಅವರ ಕೈಗಿಟ್ಟಾಗ ತಿರುಗಿಸಿ ತಿರುಗಿಸಿ ನೋಡಿ, "ಒಳ್ಳೇ ಹೊಳಪು ಬಂದಿದೆ" ಎಂದರು. ನನಗೆ ಆಕಾಶಕ್ಕೆ ಮೂರೇ ಗೇಣು.

ಇಂಚರ ಅಜ್ಜನ ತೊಡೆಯ ಮೇಲೆ ಕುಳಿತಿದ್ದಳು. ಅಶ್ಮಿತಾ ಪಾಯಸದ ಬಟ್ಟಲು ಹಿಡಿದು ಬಂದಳು. ಅತ್ತೆ ಉಂಗುರವನ್ನು ಬೆರಳಿಗೆ ಹಾಕಲಿಲ್ಲ. ಪಾಯಸದಲ್ಲಿ ಅದ್ದಿದರು.

"ಮೊದಲ ತುತ್ತು ಚಿನ್ನದಲ್ಲಿ ನೆಕ್ಕಿಸುವುದು ನಮ್ಮ ಕ್ರಮ" ಎನ್ನುತ್ತ ಮಗುವಿನ ಬಾಯಿಯ ಹತ್ತಿರ ಒಯ್ದರು. ಇಂಚರ ಹಲ್ಲಿಲ್ಲದ ಬಾಯನ್ನು ಅಗಲವಾಗಿ ತೆರೆದಳು.

"ಬೇಡ!" ಎಂದು ನಾನೂ ಶಂಭುವೂ ಒಟ್ಟಿಗೆ ಕೂಗಿದೆವು.

"ಕ್ಯಾ ಹುವಾ ಮಮ್ಮಿ?" ಎಂದು ಅಶ್ಮಿತಾ ಗಾಬರಿಯಾದಳು. ಎಲ್ಲರೂ ನಮ್ಮನ್ನೇ ನೋಡಿದರು. ಶಂಭು ಒಮ್ಮೆ ನನ್ನ ಮುಖ ನೋಡಿ, ಮಗುವನ್ನು ಎದೆಗವಚಿಕೊಂಡು, "ಅಮ್ಮ, ಜಯಾಳದು ಎಂತ ತಪ್ಪೂ ಇಲ್ಲ. ಉಂಗುರ ನುಂಗಿದ್ದು ನಾನು. ಇವತ್ತು ಬೆಳಿಗ್ಗೆ ಬಂತು" ಎಂದುಬಿಟ್ಟರು. ಅಷ್ಟು ಜನರೆದುರು ಅವರು ನನ್ನ ಪರವಾಗಿ ಮಾತಾಡಿದ್ದು ಅದೇ ಮೊದಲು. ನನಗೆ ಅವರ ಮೇಲೆ ಪ್ರೀತಿ ಉಕ್ಕಿತು.

ಅತ್ತೆ ಉಂಗುರವನ್ನು ನೋಡಿದರು, ಮಗನನ್ನು ನೋಡಿದರು. ಅವರ ಗಲ್ಲ ಅದುರತೊಡಗಿತು. ಅಳುತ್ತಾರೆ ಎಂದುಕೊಂಡೆ. ಅವರು ನಗುತ್ತಿದ್ದರು, ಸೆರಗಿನಲ್ಲಿ ಕಣ್ಣೊರೆಸಿಕೊಂಡು ನಗುತ್ತಿದ್ದರು.

"ಪುನಃ ನುಂಗಿದೆಯಾ ಮಾರಾಯ? ನಿನ್ನ ಅನ್ನಪ್ರಾಶನದ ದಿನವೂ ಬೆರಳಿಂದ ಎಳೆದು ನುಂಗಿದ್ದೆ. ಬಾಳೆಹಣ್ಣು ಹಿಸುಕಿ ತಿನ್ನಿಸಿ ತಿನ್ನಿಸಿ ನನಗೆ ಸಾಕಾಗಿತ್ತು. ನನ್ನ ಅತ್ತೆಗೆ ಹೆದರಿ ಇಷ್ಟು ವರ್ಷ ಯಾರಿಗೂ ಹೇಳ್ಲಿಲ್ಲ."

ಆಮೇಲೆ ಉಂಗುರವನ್ನು ಸೆರಗಿನಲ್ಲಿ ಒರೆಸಿ, ನನ್ನ ಅಂಗೈ ಬಿಡಿಸಿ, ಅದರಲ್ಲಿಟ್ಟು ಬೆರಳು ಮಡಚಿದರು.

"ಇನ್ನು ಇದು ನಿನ್ನ ಹತ್ತಿರವೇ ಇರಲಿ ಜಯಾ. ಮಗುವಿಗೆ ಚಮಚ ತನ್ನಿ. ಆ ದೊಡ್ಡ ಮಗುವಿಗೆ ಮೊದಲು ಒಂದು ಲೋಟ ನೀರು ಕೊಡಿ."